ಒಂಬತ್ತು ಸಾವಿರದ ಸ್ನೀಕರ್ ನಮ್ಮ ಮಳೆಗೆ ತಾಳುತ್ತದೆಯೇ?

ಪ್ರಶ್ನೆ: ನಾನು ಕಾರವಾರದಲ್ಲಿ ಬ್ಯಾಂಕ್ ಉದ್ಯೋಗಿ. ಮಗಳು ಶಿರಸಿಯ ಅರಣ್ಯ ಕಾಲೇಜಿನಲ್ಲಿ ಮೊದಲ ವರ್ಷದಲ್ಲಿದ್ದಾಳೆ. ದಿನಾ ಹಾಕಲು ಸ್ನೀಕರ್ ಬೇಕು ಅನ್ನುತ್ತಾಳೆ. ಆದರೆ ಯಾವುದೋ ಒಂದಲ್ಲ, ನ್ಯಾಯವಾಗಿ ತಯಾರಾದ ಶೂ ಮಾತ್ರ ಆಗಬೇಕಂತೆ. ಕೆಲಸಗಾರರಿಗೆ ಸರಿಯಾದ ಕೂಲಿ, ಕಾಡಿನ ರಬ್ಬರ್, ಪ್ರಾಣಿಯ ಚರ್ಮ ಇಲ್ಲ, ಹೀಗೆ ಏನೇನೋ ಹೇಳುತ್ತಾಳೆ. ಅವಳು ತೋರಿಸಿದ ಜೋಡಿಗೆ ಸುಮಾರು 9,000 ರೂಪಾಯಿ. 'ನಾಲ್ಕು ತಿಂಗಳು ಕೆಸರು ತುಳಿಯುವ ಊರಲ್ಲಿ ಒಂಬತ್ತು ಸಾವಿರ ಕಾಲಿಗೆ ಹಾಕುತ್ತೀರಾ?' ಅಂತ ನನ್ನ ಅಪ್ಪ ಕೇಳುತ್ತಾರೆ. ಇದರಲ್ಲಿ ನಿಜ ಎಷ್ಟು, ಫ್ಯಾಷನ್ ಎಷ್ಟು? ಕೊಳ್ಳುವುದಾದರೆ ಏನು ನೋಡಬೇಕು?

ಉತ್ತರ: ಮೊದಲು ನಿಮ್ಮ ಮಗಳ ಪರವಾಗಿ ಒಂದು ಮಾತು. ಹದಿನೆಂಟರ ಹುಡುಗಿ 'ಈ ಶೂ ಯಾರು ಮಾಡಿದರು?' ಅಂತ ಕೇಳುತ್ತಿದ್ದಾಳೆ ಅಂದರೆ ನನಗೆ ನಿಜವಾಗಿ ಖುಷಿ ಆಯಿತು. ನಾನು ಚೆನ್ನೈನಲ್ಲಿ ಪಾದರಕ್ಷೆ ತಯಾರಿಕೆ ಕಲಿತವನು. ತಮಿಳುನಾಡಿನ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ದುಡಿದು, ಈಗ ಕುಮಟಾಕ್ಕೆ ಬಂದು ಸಣ್ಣ ಘಟಕಗಳಿಗೆ ಸೋಲ್, ಅಂಟು, ಹೊಲಿಗೆಯ ಬಗ್ಗೆ ಸಲಹೆ ಕೊಡುತ್ತೇನೆ. ಆ ಇಪ್ಪತ್ತು ವರ್ಷಗಳಲ್ಲಿ ಮಾಡಿದವರು ಯಾರು ಎಂದು ಕೇಳಿದ ಗ್ರಾಹಕರನ್ನು ಬೆರಳಲ್ಲಿ ಎಣಿಸಬಹುದು. ಬೆಲೆ ಕೇಳುತ್ತಿದ್ದರು, ಬಣ್ಣ ಕೇಳುತ್ತಿದ್ದರು, ಅಷ್ಟೇ.

ನಿಮ್ಮ ತಂದೆಯವರ ಪ್ರಶ್ನೆಯನ್ನೂ ನಾನು ತಳ್ಳಿಹಾಕುವುದಿಲ್ಲ. ಅವರು ಕೇಳಿದ್ದು ಬರೀ ದುಡ್ಡಿನ ಪ್ರಶ್ನೆ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಈ ಉತ್ತರದಲ್ಲಿ ನನಗೆ ಹೆಚ್ಚು ಹೇಳಲಿಕ್ಕೆ ಇರುವುದು ಅಲ್ಲೇ.

ಚಪ್ಪಲಿ ಅಂದರೆ ಒಂದು ಅಟ್ಟೆ, ಎರಡು ಬಾರು. ಸ್ನೀಕರ್ ಹಾಗಲ್ಲ. ಅಮೆರಿಕದ ಎಂಐಟಿ ಸಂಶೋಧಕರು 2013ರಲ್ಲಿ ಒಂದು ಓಟದ ಶೂವನ್ನು ತೆಗೆದುಕೊಂಡು ಅದರ ಇಡೀ ಲೆಕ್ಕ ಹಾಕಿದರು. 65 ಬಿಡಿಭಾಗಗಳು. ಅವನ್ನು ಮಾಡಿ ಜೋಡಿಸಲು 360 ಹಂತಗಳು. ಒಂದು ಜೋಡಿಯಿಂದ ಸುಮಾರು 14 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತಯಾರಿಕೆಯ ಹಂತದಲ್ಲೇ ಆಗಿಹೋಗುತ್ತದೆ. ಬೈಕ್ ಆದರೆ ಓಡಿಸಿದಷ್ಟೂ ಹೊಗೆ ಬರುತ್ತದೆ. ಶೂ ಹಾಗಲ್ಲ, ನೀವು ಪೆಟ್ಟಿಗೆ ತೆರೆಯುವ ಮೊದಲೇ ಅದರ ಹೊಗೆಯ ಲೆಕ್ಕ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಾಗಾಗಿ ಅದೇ ಜೋಡಿ ಒಂದು ವರ್ಷದ ಬದಲು ಮೂರು ವರ್ಷ ಬಂದರೆ ವರ್ಷಕ್ಕೆ ಬೀಳುವ ಹೊರೆ ಮೂರರಲ್ಲಿ ಒಂದು ಪಾಲಾಗುತ್ತದೆ. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ 360 ಹಂತಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಅಂಟು ಹಚ್ಚುವ ಹಂತ. ನಾನು ಮೊದಲು ಕೆಲಸ ಮಾಡಿದ ಕಾರ್ಖಾನೆಯಲ್ಲಿ ಆ ಸಾಲಿನಲ್ಲಿ ಇದ್ದವರೆಲ್ಲ ಹೆಂಗಸರೇ. ಸೋಲ್‌ಗೆ ಒಮ್ಮೆ ಬ್ರಶ್, ಶೂವಿನ ಮೇಲ್ಭಾಗಕ್ಕೆ ಒಮ್ಮೆ ಬ್ರಶ್, ಬಿಸಿಗಾಳಿಯಲ್ಲಿ ಒಣಗಿಸುವುದು, ಆಮೇಲೆ ಯಂತ್ರದಲ್ಲಿ ಒತ್ತುವುದು. ಆವಿ ಹೀರುವ ಕೊಳವೆ ಕೆಟ್ಟು ತಿಂಗಳುಗಳೇ ಆಗಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರಿಗೂ ತಲೆ ಭಾರ. ಅವರಲ್ಲಿ ಒಬ್ಬರು, ಪಾದ ಜೋಮು ಹಿಡಿದ ಹಾಗೆ ಆಗುತ್ತದೆ, ರಾತ್ರಿ ಮಲಗಿದರೂ ಬಿಡುವುದಿಲ್ಲ ಅನ್ನುತ್ತಿದ್ದರು. ದಿನವಿಡೀ ನಿಂತು ಕೆಲಸ ಮಾಡಿದ ಸುಸ್ತು ಅಂದುಕೊಂಡೆವು. ಅಂಟಿನಲ್ಲಿರುವ ಹೆಕ್ಸೇನ್ ಎಂಬ ದ್ರಾವಕ ನರಗಳನ್ನು ಹಾಳುಮಾಡುತ್ತದೆ, ಕೈಕಾಲಿನ ತುದಿಯಿಂದಲೇ ಶುರು ಮಾಡುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟಾಗಿತ್ತು. ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಇದು ಹೊಸ ವಿಷಯವೂ ಅಲ್ಲ. ಇಸ್ತಾಂಬುಲ್‌ನ ಶೂ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಮುಜಾಫರ್ ಅಕ್ಸೊಯ್ ಎಂಬ ವೈದ್ಯರು 1970ರ ದಶಕದಲ್ಲೇ ತೋರಿಸಿದ್ದರು. ಅಲ್ಲಿ ಕಾರಣ ಅಂಟಿನಲ್ಲಿದ್ದ ಬೆಂಜೀನ್. ಈಗ ನೀರಿನಲ್ಲಿ ಕಲಸಿದ ಅಂಟು ಇದೆ. ಅದರಲ್ಲಿ ಈ ದ್ರಾವಕಗಳು ತೀರಾ ಕಡಿಮೆ. ಆದರೆ ಅದು ಒಣಗಲು ಹೊತ್ತು ಬೇಕು, ಬೆಲೆಯೂ ಹೆಚ್ಚು, ಒಂದು ಪಾಳಿಯಲ್ಲಿ ಹೊರಬರುವ ಜೋಡಿಗಳು ಕಡಿಮೆ. ಒಳ್ಳೆಯ ತಯಾರಕರ ಶೂಗೆ ಬೆಲೆ ಜಾಸ್ತಿ ಯಾಕೆ ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಗ್ರಾಹಕರು ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಇದೇ ಅಂಟಿನ ಕಥೆ ಸಾಕ್ಷಿ. 1997ರಲ್ಲಿ ನೈಕಿ ಕಂಪನಿಗೆ ಶೂ ಮಾಡಿಕೊಡುತ್ತಿದ್ದ ವಿಯೆಟ್ನಾಂನ ಒಂದು ಕಾರ್ಖಾನೆಯ ತಪಾಸಣಾ ವರದಿ ಹೊರಬಿತ್ತು. ಗಾಳಿಯಲ್ಲಿ ಟಾಲ್ವೀನ್ ಎಂಬ ಅಂಟಿನ ದ್ರಾವಕ ಮಿತಿ ಮೀರಿತ್ತು. ಅಷ್ಟು ಹೊತ್ತಿಗೆ ಅಮೆರಿಕದ ಕಾಲೇಜು ಹುಡುಗ ಹುಡುಗಿಯರು ಬೀದಿಗೆ ಇಳಿದಿದ್ದರು. 1998ರ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಫಿಲ್ ನೈಟ್, ತಮ್ಮ ಕಂಪನಿಯ ಹೆಸರು ಜೀತದ ಕೂಲಿಯ ಜೊತೆ ಅಂಟಿಕೊಂಡುಬಿಟ್ಟಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಶೂ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವವರಿಗೆ ಕನಿಷ್ಠ 18 ವರ್ಷ ಆಗಿರಬೇಕು, ಒಳಗಿನ ಗಾಳಿ ಅಮೆರಿಕದ ಕಾರ್ಖಾನೆಗಳ ಮಟ್ಟದಲ್ಲಿ ಇರಬೇಕು ಎಂದು ಘೋಷಿಸಿದರು. ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮಾತು ಹೊರಬರಲು ನಿಮ್ಮ ಮಗಳ ವಯಸ್ಸಿನವರು ಕೇಳಿದ ಪ್ರಶ್ನೆಯೂ ಒಂದು ಕಾರಣ ಅಲ್ವಾ?

ನಮ್ಮಲ್ಲಿ ಇನ್ನೊಂದು ಕಷ್ಟ ಇದೆ. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆ ಶೂವಿನ ಮೇಲ್ಭಾಗವನ್ನು ಕೈಯಲ್ಲಿ ಹೊಲಿಯುವ ಕೆಲಸ ಮನೆಮನೆಗೆ ಹೋಗುತ್ತದೆ. ಹೊಲಿಯುವವರು ಹೆಂಗಸರು. ಅವರು ಕಾರ್ಖಾನೆಯ ಪಟ್ಟಿಯಲ್ಲೇ ಇರುವುದಿಲ್ಲ. 2016ರಲ್ಲಿ ಕಾರ್ಮಿಕರ ಹಕ್ಕುಗಳಿಗಾಗಿ ದುಡಿಯುವ ಬೆಂಗಳೂರಿನ ಸಿವಿಡೆಪ್ ಸಂಸ್ಥೆ ಮತ್ತು ಬ್ರಿಟನ್ನಿನ ಸಂಘಟನೆಗಳು ಸೇರಿ ಇವರ ಬಗ್ಗೆ ಒಂದು ವರದಿ ಮಾಡಿದವು. ಒಂದು ಜೋಡಿ ಹೊಲಿದರೆ ಸಿಗುತ್ತಿದ್ದುದು ಹತ್ತು ಪೆನ್ಸ್‌ಗೂ ಕಡಿಮೆ, ಅಂದರೆ ಆಗಿನ ಲೆಕ್ಕದಲ್ಲಿ ಹತ್ತು ರೂಪಾಯಿಯ ಒಳಗೆ. ಅದೇ ಜೋಡಿ ಲಂಡನ್ನಿನ ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಮಾರಾಟ ಆಗುತ್ತಿತ್ತು. ಆ ಬೀದಿಗಳಲ್ಲಿ ನಾನು ಓಡಾಡಿದ್ದೇನೆ. ಜಗಲಿಯ ಮೇಲೆ ಕೂತು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮೇಣ ಹಚ್ಚಿದ ದಾರ ಎಳೆಯುತ್ತಿರುತ್ತಾರೆ. 'ಕೈಯಿಂದ ಹೊಲಿದದ್ದು' ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು ಯಾರ ಕೈ, ಆ ಕೈಗೆ ಎಷ್ಟು ಸಿಕ್ಕಿತು ಎಂದು ಕೇಳುವ ಹಕ್ಕು ನಿಮಗಿದೆ.

ಪಾದರಕ್ಷೆ ಮಾಡುವ ಕೈಯನ್ನು ನಮ್ಮ ಸಮಾಜ ನಡೆಸಿಕೊಂಡ ರೀತಿ ನಿಮಗೂ ಗೊತ್ತು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ಕೇಳಿ ಬೆಳೆದವರು ನಾವು. ಕಥೆ ಕೇಳಿ ಕಣ್ಣೀರು ಹಾಕುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ನ್ಯಾಯವಾಗಿ ತಯಾರಾದ ಶೂ ಎಂಬ ಮಾತು ಹೊರದೇಶದಿಂದ ಬಂದಿರಬಹುದು. ಅದರೊಳಗಿನ ಪ್ರಶ್ನೆ ನಮ್ಮದೇ.

ಈಗ ಕಾಡಿನ ರಬ್ಬರ್. ನಿಮ್ಮ ಮಗಳು ತೋರಿಸಿದ್ದು ಬಹುಶಃ ವೇಜಾ ಅಥವಾ ಅದನ್ನು ಅನುಸರಿಸಿದ ಯಾವುದೋ ಬ್ರ್ಯಾಂಡ್ ಇರಬೇಕು. ಪೋರ್ಚುಗೀಸ್ ಭಾಷೆಯಲ್ಲಿ ವೇಜಾ ಅಂದರೆ 'ನೋಡು' ಅಂತ. ಇಬ್ಬರು ಫ್ರೆಂಚ್ ಗೆಳೆಯರು, ಸೆಬಾಸ್ಟಿಯನ್ ಕೋಪ್ ಮತ್ತು ಫ್ರಾಂಸ್ವಾ ಗಿಲೆನ್ ಮೊರಿಲಿಯೋ, ಇಪ್ಪತ್ತು ವರ್ಷದ ಹಿಂದೆ ಶುರು ಮಾಡಿದ್ದು. ಶೂ ಹೆಚ್ಚಾಗಿ ಬ್ರೆಜಿಲ್‌ನಲ್ಲಿ ತಯಾರಾಗುತ್ತದೆ. ಹತ್ತಿ ಅಲ್ಲಿನ ಈಶಾನ್ಯ ಭಾಗದ ಸಾವಯವ ರೈತರದು. ರಬ್ಬರ್ ಅಮೆಜಾನ್ ಕಾಡಿನ ಆಕ್ರೆ ಎಂಬ ರಾಜ್ಯದಿಂದ ಬರುತ್ತದೆ. ಜಾಹೀರಾತಿಗೆ ದುಡ್ಡು ಹಾಕುವುದಿಲ್ಲ, ಅದನ್ನು ಹತ್ತಿ ಬೆಳೆಯುವವರಿಗೆ, ರಬ್ಬರ್ ತೆಗೆಯುವವರಿಗೆ ಮಾರುಕಟ್ಟೆಗಿಂತ ಹೆಚ್ಚು ಬೆಲೆಯಾಗಿ ಕೊಡುತ್ತೇವೆ ಎನ್ನುವುದು ಅವರ ಪದ್ಧತಿ.

ಸುಳ್ಯ, ಪುತ್ತೂರಿನ ರಬ್ಬರ್ ತೋಟ ನೋಡಿದವರಿಗೆ ಮರದ ಸಾಲು, ತೊಗಟೆಗೆ ಕಟ್ಟಿದ ಚಿಪ್ಪು ನೆನಪಾಗುತ್ತದೆ. ಆಕ್ರೆಯಲ್ಲಿ ಸಾಲು ಇಲ್ಲ. ಮರಗಳು ಕಾಡಿನ ತುಂಬ ಚದುರಿವೆ. ಬೆಳಗಿನ ಜಾವ ಎದ್ದು ಕಾಲುದಾರಿ ಹಿಡಿದು ಒಂದೊಂದೇ ಮರಕ್ಕೆ ಗೀರು ಹಾಕುತ್ತ ಹೋಗಬೇಕು, ಮತ್ತೆ ತಿರುಗಿ ಬಂದು ಹಾಲು ಸಂಗ್ರಹಿಸಬೇಕು. ನಮ್ಮ ಕಾಡಿನ ಹುಳಿಹಣ್ಣು ಉಪ್ಪಾಗೆ ಕೊಯ್ಯುವವರ ಬದುಕಿನ ಹಾಗೇ ಇದು. ಕಾಡು ನಿಂತಿದ್ದರೆ ಮಾತ್ರ ಆದಾಯ. ಕೊಂಬೆ ಕಡಿದು ಕೊಯ್ದರೆ ಮುಂದಿನ ವರ್ಷ ಏನೂ ಇಲ್ಲ.

ನಿಮ್ಮ ಮಗಳು ಶಿರಸಿಯಲ್ಲಿ ಅರಣ್ಯ ಓದುತ್ತಿರುವುದರಿಂದ ಒಂದು ಸಂಗತಿ ಹೇಳಲೇಬೇಕು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರು, ಅಪ್ಪಿಕೊ ಚಳವಳಿ ಹುಟ್ಟಿತು. ಅದೇ ವರ್ಷಗಳಲ್ಲಿ, ಭೂಮಿಯ ಆ ಕಡೆ ಆಕ್ರೆಯಲ್ಲಿ ಚಿಕೊ ಮೆಂಡೆಸ್ ಮತ್ತು ರಬ್ಬರ್ ಕೆಲಸಗಾರರು ಹೆಂಡತಿ ಮಕ್ಕಳ ಜೊತೆ ಗರಗಸದ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಇವರಿಗೆ ಅವರು ಗೊತ್ತಿರಲಿಲ್ಲ, ಅವರಿಗೆ ಇವರು ಗೊತ್ತಿರಲಿಲ್ಲ. 1988ರ ಡಿಸೆಂಬರ್ 22ರಂದು ಮೆಂಡೆಸ್ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 1990ರಲ್ಲಿ ಅವರ ಹೆಸರಿನಲ್ಲಿ ಅಲ್ಲಿ ದೊಡ್ಡ ಸಂರಕ್ಷಿತ ಕಾಡು ಆಯಿತು. ರಬ್ಬರ್ ತೆಗೆಯುವವರು ಅದರೊಳಗೇ ಬದುಕಬಹುದು, ಕಾಡು ಕಡಿಯುವಂತಿಲ್ಲ. ಆ ಕಾಡು ಉಳಿಯಬೇಕಾದರೆ ರಬ್ಬರಿಗೆ ಬೆಲೆ ಸಿಗಬೇಕು. ಇಲ್ಲದಿದ್ದರೆ ಮರ ಕಡಿದು ದನ ಮೇಯಿಸುವುದೇ ಲಾಭ. ಹೀಗೆ ನೋಡಿದರೆ ಆ ಶೂವಿನ ಆಕರ್ಷಣೆ ನನಗೆ ಪೂರ್ತಿ ಅರ್ಥವಾಗುತ್ತದೆ. ಕಾಲಿನ ಕೆಳಗಿನ ವಸ್ತು ಯಾವ ಮರದಿಂದ ಬಂತು ಅಂತ ಗೊತ್ತಿರುವುದು ಸಣ್ಣ ಸಂತೋಷ ಅಲ್ಲ. ಸೋಲ್ ಪೂರ್ತಿ ಕಾಡಿನ ರಬ್ಬರ್ ಆಗಿರುವುದಿಲ್ಲ, ಒಂದು ಪಾಲು ಮಾತ್ರ ಎಂಬುದನ್ನೂ ಮಗಳಿಗೆ ಹೇಳಿ.

'ಪ್ರಾಣಿಯ ಚರ್ಮ ಇಲ್ಲ' ಅನ್ನುವ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಚರ್ಮದ ಉದ್ಯಮದ ಹಾನಿ ದೊಡ್ಡದು, ಅದರಲ್ಲಿ ಸಂಶಯ ಇಲ್ಲ. ಕ್ರೋಮಿಯಂ ಉಪ್ಪಿನಿಂದ ಚರ್ಮ ಹದ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ನೀರು ಕೆಡುತ್ತದೆ. ತಮಿಳುನಾಡಿನ ಪಾಲಾರ್ ನದಿಯ ದಂಡೆಯ ಟ್ಯಾನರಿಗಳ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಕೆಡಿಸಿದವರೇ ಖರ್ಚು ಭರಿಸಬೇಕು ಎಂಬ ನಿಯಮ ನಮ್ಮ ಕಾನೂನಿನಲ್ಲಿ ಗಟ್ಟಿಯಾಗಿ ನಿಂತದ್ದು ಅಂಥ ತೀರ್ಪುಗಳಿಂದಲೇ. ಗಿಡಮೂಲದ ಹದ ಬೇರೆ. ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಶಿರಸಿ, ಯಲ್ಲಾಪುರದ ಕಾಡಿನ ಅಳಲೆಕಾಯಿ ಬ್ರಿಟಿಷರ ಕಾಲದಲ್ಲೇ ಇದಕ್ಕಾಗಿ ಹೊರಗೆ ಹೋಗುತ್ತಿತ್ತು. ಕೆಮ್ಮಿಗೆ ಬಾಯಲ್ಲಿ ಇಟ್ಟುಕೊಳ್ಳುವ ಅದೇ ಒಗರು ಕಾಯಿ.

ಆದರೆ ಚರ್ಮ ಅಲ್ಲ ಅಂತ ಮಾರುವ ಹೆಚ್ಚಿನ ಶೂಗಳ ಮೇಲ್ಭಾಗ ಏನು ಗೊತ್ತಾ? ಬಟ್ಟೆಯ ಮೇಲೆ ಹಚ್ಚಿದ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್. ಅನಾನಸ್ ಎಲೆಯ ನಾರಿನಿಂದ ಮಾಡುವ ಪಿನ್ಯಾಟೆಕ್ಸ್ ಎಂಬ ವಸ್ತುವಿದೆ, ಫಿಲಿಪ್ಪೀನ್ಸ್‌ನ ಹೊಲಗಳ ಎಲೆ ಬಳಸುತ್ತಾರೆ. ಬನವಾಸಿಯ ಅನಾನಸ್ ಹೊಲಗಳ ಪಕ್ಕ ಹೋಗುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಎಷ್ಟು ಎಲೆ ಅಲ್ಲಿ ಸುಮ್ನೆ ಕೊಳೆಯುತ್ತದೆ! ಅಡಿಕೆ ಹಾಳೆಯಿಂದ ಟೊಪ್ಪಿ, ತಟ್ಟೆ ಮಾಡಿದ ನಮ್ಮ ಜನಕ್ಕೆ ಇದು ಆಗದ ಕೆಲಸ ಅಲ್ಲ. ಆದರೆ ಅದರ ಮೇಲೂ ತೆಳುವಾಗಿ ಪ್ಲಾಸ್ಟಿಕ್ ಲೇಪನ ಇರುತ್ತದೆ. ಹೆಸರು ಕೇಳಿ ಪೂರ್ತಿ ಎಲೆಯದ್ದೇ ಅಂದುಕೊಳ್ಳಬಾರದು.

ಈ ಪ್ಲಾಸ್ಟಿಕ್ ವಿಷಯ ನಿಮ್ಮ ತಂದೆಯವರ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಮಳೆ ಇಲ್ಲದ ದಿನವೂ ಗಾಳಿಯಲ್ಲಿ ತೇವ. ಪಾಲಿಯುರೆಥೇನ್‌ಗೆ ಈ ತೇವವೇ ಶತ್ರು. ನೀರಿನ ಆವಿ ಅದರೊಳಗೆ ಸೇರಿ ಅದರ ಅಣುಗಳ ಸರಪಳಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದರಿಂದ ಮಾಡಿದ ಸೋಲ್ ಒಂದು ದಿನ ಪುಡಿಯಾಗಿ ಬೀಳುತ್ತದೆ. ನಿಮ್ಮ ಮನೆಯಲ್ಲೂ ಆಗಿರಬಹುದು: ಮದುವೆಗೆ ಅಂತ ಕಪಾಟಿನಲ್ಲಿ ಇಟ್ಟ ಒಳ್ಳೆಯ ಶೂ, ಎರಡು ಸಲ ಹಾಕಿದ್ದು, ಮೂರನೇ ಸಲ ಹಾಕಿಕೊಂಡು ಮಂಟಪ ಮುಟ್ಟುವ ಮೊದಲೇ ಅಟ್ಟೆ ರಸ್ಕಿನ ಹಾಗೆ ಉದುರಿತು. ನನ್ನ ಅಣ್ಣನಿಗೆ ಹೊನ್ನಾವರದಲ್ಲಿ ಹೀಗೇ ಆಯಿತು. ಅಂಗಡಿಯವರು ಮೋಸ ಮಾಡಿದರು ಅಂತ ಅವನು ಇವತ್ತಿಗೂ ನಂಬಿದ್ದಾನೆ. ಮೋಸ ಅಲ್ಲ, ಹವೆ. ಪೆಟ್ಟಿಗೆಯೊಳಗೆ ಮುಚ್ಚಿ ಇಟ್ಟಷ್ಟೂ ಬೇಗ ಹೋಗುತ್ತದೆ. ಪಾಲಿಯುರೆಥೇನ್ ಲೇಪನದ ಮೇಲ್ಭಾಗವೂ ಹಾಗೇ, ಎರಡು ಮೂರು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಯುರೋಪಿನ ಒಣ ಹವೆಗೆ ಒಳ್ಳೆಯದಾದ ಶೂ ನಮ್ಮ ಕರಾವಳಿಗೂ ಒಳ್ಳೆಯದು ಅಂತ ಹೇಳಲು ಆಗುವುದಿಲ್ಲ. ಕೂಲಿ ಸರಿಯಾಗಿ ಕೊಟ್ಟು, ಕಾಡು ಉಳಿಸಿ ಮಾಡಿದ ಶೂ ಎರಡು ವರ್ಷಕ್ಕೆ ಕಸದ ಬುಟ್ಟಿ ಸೇರಿದರೆ, ಆ 14 ಕೆಜಿ ಹೊಗೆ, ಆ 360 ಹಂತಗಳ ದುಡಿಮೆ ಎಲ್ಲ ಎರಡೇ ವರ್ಷಕ್ಕೆ ಮುಗಿದ ಹಾಗೆ. ನಮ್ಮಲ್ಲಿ ನ್ಯಾಯದ ಶೂ ಅನ್ನಿಸಿಕೊಳ್ಳಬೇಕಾದರೆ ಅದು ಮಳೆಗೂ ತಾಳಬೇಕು, ಸೋಲ್ ಬಿಟ್ಟರೆ ಮತ್ತೆ ಹೊಲಿಯಲೂ ಬರಬೇಕು. ನಿಮ್ಮ ತಂದೆ ಕೇಳಿದ್ದು ಇದನ್ನೇ, ಅವರ ಮಾತಿನಲ್ಲಿ.

ನಮ್ಮ ಹವೆಗೆ ಹೊಂದುವುದು ರಬ್ಬರ್ ಸೋಲ್. ರಬ್ಬರಿಗೆ ತೇವದಿಂದ ಈ ತೊಂದರೆ ಇಲ್ಲ. ಹಗುರವಾದ ಇವಿಎ ಎಂಬ ನೊರೆಯ ಸೋಲ್ ಕೂಡ ತೇವಕ್ಕೆ ಪುಡಿಯಾಗುವುದಿಲ್ಲ, ಆದರೆ ದಿನಾ ತುಳಿದರೆ ಬೇಗ ಚಪ್ಪಟೆಯಾಗುತ್ತದೆ. ಮೇಲ್ಭಾಗಕ್ಕೆ ದಪ್ಪ ಹತ್ತಿ ಕ್ಯಾನ್ವಾಸ್ ಒಳ್ಳೆಯದು. ಅದರ ದೋಷ ಒಂದೇ, ನೀರು ಕುಡಿಯುತ್ತದೆ, ನೆರಳಲ್ಲಿ ಒದ್ದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಣ್ಣದ ಬಗ್ಗೆ ಒಂದು ಮಾತು. ಶಿರಸಿಯ ಕೆಂಪು ಮಣ್ಣಿಗೆ ಬಿಳಿ ಶೂ ಬೇಡ. ಎಷ್ಟು ತೊಳೆದರೂ ಆ ಕಲೆ ಹೋಗುವುದಿಲ್ಲ, ತೊಳೆದು ತೊಳೆದೇ ಶೂ ಹಾಳಾಗುತ್ತದೆ. ಕಂದು ಅಥವಾ ಕಡು ಹಸಿರು ತೆಗೆದುಕೊಳ್ಳಲಿ.

ಸೋಲ್ ಹೇಗೆ ಕೂಡಿಸಿದ್ದಾರೆ ಎನ್ನುವುದು ನನಗೆ ಬೆಲೆಗಿಂತ ಮುಖ್ಯ. ಸೋಲ್‌ನ ಅಂಚು ಬಟ್ಟಲಿನ ಹಾಗೆ ಮೇಲೆ ಬಂದು, ಸುತ್ತಲೂ ಹೊಲಿಗೆ ಇದ್ದರೆ ಒಳ್ಳೆಯದು. ಅಂಟು ಬಿಟ್ಟರೂ ದಾರ ಹಿಡಿದಿರುತ್ತದೆ, ದಾರ ಸವೆದರೆ ಮತ್ತೆ ಹೊಲಿಸಬಹುದು. ಆದರೆ ಸುಳ್ಳು ಹೊಲಿಗೆ ಇರುತ್ತದೆ, ಜೋಪಾನ. ಅಚ್ಚಿನಲ್ಲೇ ದಾರದ ಗೆರೆ ಮೂಡಿಸಿರುತ್ತಾರೆ, ನೋಡಿದರೆ ಥೇಟ್ ಹೊಲಿಗೆ. ಉಗುರಿನಿಂದ ದಾರವನ್ನು ಎಬ್ಬಿಸಲು ಬರುತ್ತದೆಯೇ ನೋಡಿ. ಆಮೇಲೆ ಒಳಗಿನ ಮೆತ್ತೆ ಎತ್ತಿ ನೋಡಿ. ನಿಜವಾದ ಹೊಲಿಗೆ ಆದರೆ ಒಳಗೂ ದಾರದ ಸಾಲು ಕಾಣುತ್ತದೆ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ, ಮೆತ್ತೆ ಎತ್ತದೆ ಶೂ ಕೊಳ್ಳಬೇಡಿ.

ಹೊರದೇಶದ ಶೂಗಳಲ್ಲಿ ಸಣ್ಣ ಚಿತ್ರಗಳ ಚೀಟಿ ಇರುತ್ತದೆ. ಮೇಲ್ಭಾಗ, ಒಳಪದರ, ಸೋಲ್, ಮೂರಕ್ಕೂ ಒಂದೊಂದು ಗುರುತು. ಹರಡಿದ ತೊಗಲಿನ ಚಿತ್ರ ಇದ್ದರೆ ಚರ್ಮ. ನೇಯ್ಗೆಯ ಬಲೆಯಂಥ ಚಿತ್ರ ಇದ್ದರೆ ಬಟ್ಟೆ. ಬರೀ ವಜ್ರದ ಆಕಾರ ಇದ್ದರೆ ಬೇರೆ ವಸ್ತು, ಅಂದರೆ ರಬ್ಬರ್ ಅಥವಾ ಪ್ಲಾಸ್ಟಿಕ್. ಮೇಲ್ಭಾಗಕ್ಕೆ ವಜ್ರ ಇದ್ದರೆ ನಮ್ಮ ಮಳೆಗೆ ಎರಡು ಸಲ ಯೋಚಿಸಿ.

ಪ್ರಮಾಣಪತ್ರಗಳ ವಿಷಯ ಬೇಗ ಮುಗಿಸುತ್ತೇನೆ. ಫೇರ್‌ಟ್ರೇಡ್ ಅಂದರೆ ಹತ್ತಿ ಬೆಳೆದವರಿಗೆ ಕನಿಷ್ಠ ಬೆಲೆ ಮತ್ತು ಮೇಲೊಂದು ಮೊತ್ತ. ಜಿಒಟಿಎಸ್ ಅಂದರೆ ಸಾವಯವ ಬಟ್ಟೆ. ಎಸ್‌ಎ 8000 ಕಾರ್ಖಾನೆಯ ಕೆಲಸದ ಸ್ಥಿತಿಗೆ ಸಂಬಂಧಿಸಿದ್ದು. ಲೆದರ್ ವರ್ಕಿಂಗ್ ಗ್ರೂಪ್ ಮುಖ್ಯವಾಗಿ ಟ್ಯಾನರಿಯ ನೀರು, ರಾಸಾಯನಿಕ ನೋಡುತ್ತದೆ. ನಮ್ಮ ಐಎಸ್‌ಐ ಗುರುತು ಗುಣಮಟ್ಟಕ್ಕೆ ಮಾತ್ರ, ಕೂಲಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಗುರುತು ಇದ್ದ ಮಾತ್ರಕ್ಕೆ ಇಡೀ ಶೂ ಶುದ್ಧ ಅಂತ ಆಗುವುದಿಲ್ಲ. ನಾನು ಗುರುತಿಗಿಂತ ಹೆಚ್ಚು ನಂಬುವುದು ಕಾರ್ಖಾನೆಯ ಊರು ಹೇಳುವವರನ್ನು. ಮೇಲ್ ಬರೆದು ಕೇಳಲಿ: ಎಲ್ಲಿ ತಯಾರಾಯಿತು, ಯಾವ ಅಂಟು, ಹೊಲಿಗೆ ಮನೆಗಳಿಗೆ ಹೋಗುತ್ತದೆಯೇ, ಸೋಲ್ ಬಿಟ್ಟರೆ ರಿಪೇರಿ ಮಾಡಿಕೊಡುತ್ತೀರಾ. ಉತ್ತರ ಬಂದ ರೀತಿಯಲ್ಲೇ ಬಹಳಷ್ಟು ಗೊತ್ತಾಗುತ್ತದೆ. ನಮ್ಮಲ್ಲಿ ಯಾವುದು ಇನ್ನೂ ಸರಿಯಿಲ್ಲ ಎಂದು ತಾವಾಗಿಯೇ ಹೇಳುವ ತಯಾರಕರೂ ಇದ್ದಾರೆ. ಅವರ ಮೇಲೆ ನನಗೆ ಗೌರವ.

9,000 ರೂಪಾಯಿಯ ಲೆಕ್ಕಕ್ಕೆ ಬರೋಣ. ಹೊರದೇಶದ ಶೂಗಳ ಮೇಲಿನ ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ. 25ರಿಂದ 35ಕ್ಕೆ ಏರಿಸಿದರು. ಮೇಲೆ ತೆರಿಗೆ, ಸಾಗಣೆ, ಅಂಗಡಿಯ ಪಾಲು. ನೀವು ಜಾಸ್ತಿ ಕೊಟ್ಟ ದುಡ್ಡಿನಲ್ಲಿ ರಬ್ಬರ್ ತೆಗೆದವರಿಗೆ ಸೇರುವುದು ಸಣ್ಣ ಭಾಗ. ಹಾಗಂತ ಅದು ಬೇಡ ಅಂತಲ್ಲ, ಆ ಸಣ್ಣ ಭಾಗವೂ ಅವರ ಬದುಕಿಗೆ ದೊಡ್ಡದು. ಆದರೆ ಮಗಳ ಮನಸ್ಸಿನ ಆಸೆ ಇಲ್ಲೇ ತಯಾರಾದ ಶೂವಿನಿಂದಲೂ ತೀರಬಹುದು. ನಮ್ಮ ದೇಶದಲ್ಲೂ ಹೊಸಬರು ಪ್ರಯತ್ನ ಮಾಡುತ್ತಿದ್ದಾರೆ. 2021ರಲ್ಲಿ ಶುರುವಾದ ಥೈಲಿ ಎಂಬ ಬ್ರ್ಯಾಂಡ್ ಒಂದು ಜೋಡಿಗೆ 10 ಪ್ಲಾಸ್ಟಿಕ್ ಚೀಲ, 12 ಬಾಟಲಿ ಬಳಸುತ್ತದೆ. ಗ್ರೀನ್‌ಸೋಲ್ ಹಳೆಯ ಶೂಗಳಿಂದ ಮಕ್ಕಳಿಗೆ ಚಪ್ಪಲಿ ಮಾಡಿಕೊಡುತ್ತದೆ. ಬೈತಖೋಲ ಬಂದರಿನಲ್ಲಿ ರಾಶಿ ಬಿದ್ದ ಹರಿದ ಬಲೆಗಳನ್ನು ನೋಡಿದಾಗ ನನಗೆ ಅಡಿಡಾಸ್ 2015ರಲ್ಲಿ ಸಮುದ್ರದಿಂದ ಎತ್ತಿದ ಬಲೆಯ ದಾರದಿಂದ ಮಾಡಿ ತೋರಿಸಿದ ಶೂ ನೆನಪಾಗುತ್ತದೆ. ನಮ್ಮ ಬಲೆಗಳಿಗೂ ಅಂಥ ಒಂದು ದಾರಿ ಆಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ನನ್ನ ಸಲಹೆ ಹೀಗಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಗಳು ಸ್ನೀಕರ್ ಹಾಕುವುದೇ ಬೇಡ. ನಮ್ಮ ಹಿರಿಯರು ಮಳೆಗಾಲಕ್ಕೆ ಬೇರೆಯೇ ಮೆಟ್ಟು ಇಟ್ಟುಕೊಳ್ಳುತ್ತಿದ್ದರು, ಅದು ಬಡತನದಿಂದ ಅಲ್ಲ, ತಿಳಿವಳಿಕೆಯಿಂದ. ಆ ನಾಲ್ಕು ತಿಂಗಳಿಗೆ ಕೆಲವೇ ನೂರು ರೂಪಾಯಿಯ ರಬ್ಬರ್ ಸ್ಯಾಂಡಲ್ ಸಾಕು. ಕಾಡಿಗೆ ಹೋಗುವ ದಿನ ಉಂಬಳದ ಕಾಟಕ್ಕೆ ಗಮ್‌ಬೂಟೇ ಸರಿ, ಯಾವ ಸ್ನೀಕರ್ ಕೂಡ ಉಂಬಳವನ್ನು ತಡೆಯುವುದಿಲ್ಲ. ಉಳಿದ ಎಂಟು ತಿಂಗಳಿಗೆ ಕ್ಯಾನ್ವಾಸ್ ಮೇಲ್ಭಾಗ, ಹೊಲಿದ ರಬ್ಬರ್ ಸೋಲ್, ತಯಾರಕರ ಊರು ಗೊತ್ತಿರುವ ಒಂದು ಜೋಡಿ. ಮೂರು ನಾಲ್ಕು ಸಾವಿರದ ಒಳಗೆ ಅಂಥದ್ದು ಸಿಗುತ್ತದೆ ಅಂತ ನನ್ನ ಅಂದಾಜು. ಹುಡುಕಿಯೂ ಸಿಗದಿದ್ದರೆ, ಆ 9,000ದ ಜೋಡಿಯ ಸೋಲ್ ಹೊಲಿದದ್ದಾಗಿದ್ದು ಮೇಲ್ಭಾಗ ಬಟ್ಟೆಯದ್ದಾಗಿದ್ದರೆ ಕೊಡಿಸಿ. ನಾಲ್ಕು ವರ್ಷದ ಕೋರ್ಸ್ ಮುಗಿಯುವ ತನಕ ಅದನ್ನೇ ಹಾಕುತ್ತೇನೆ ಅಂತ ಅವಳು ಒಪ್ಪಿದರೆ ನಾನಂತೂ ನಿಮ್ಮ ತಂದೆಯವರ ಜೊತೆ ಅವಳ ಪರ ಮಾತಾಡಲು ಸಿದ್ಧ.

ನೋಡಿಕೊಳ್ಳುವುದು ಕಷ್ಟ ಇಲ್ಲ. ಒದ್ದೆ ಆದರೆ ಲೇಸ್ ಬಿಚ್ಚಿ, ಮೆತ್ತೆ ಹೊರಗೆ ತೆಗೆದು, ಒಳಗೆ ದಿನಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಲಿ. ಬಿಸಿಲಲ್ಲಿ ಇಡಬಾರದು, ರಬ್ಬರ್ ಬಿರಿಯುತ್ತದೆ. ಬಚ್ಚಲ ಒಲೆಯ ಹತ್ತಿರವೂ ಬೇಡ, ಅಂಟು ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಗಾಳಿ ಆಡುವ ಕಡೆ ತೆರೆದಿಡಲಿ, ಹದಿನೈದು ದಿನಕ್ಕೊಮ್ಮೆ ಹಾಸ್ಟೆಲ್ ಒಳಗೇ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡಲಿ.

ಅವಳ ಹಳೆಯ ಜೋಡಿ ಇನ್ನೂ ಇರಬೇಕಲ್ಲ? ಅದನ್ನು ಎಸೆಯುವ ಮೊದಲು ಚಪ್ಪಲಿ ಹೊಲಿಯುವವರ ಹತ್ತಿರ ಒಯ್ಯಲಿ. ಸೋಲ್ ಸುತ್ತ ಮೇಣದ ದಾರದಲ್ಲಿ ಹೊಲಿಗೆ ಹಾಕಿಸಲಿ, ಕೇಳಿದಷ್ಟು ದುಡ್ಡು ಚೌಕಾಸಿ ಇಲ್ಲದೆ ಕೊಡಲಿ. ಒಂದು ವರ್ಷ ನಡೆದರೂ ನಡೆದೀತು. ಹೊಸದನ್ನು ಕೊಳ್ಳುವುದು ದಸರಾ ಕಳೆದ ಮೇಲೆ ಆಗಲಿ. ಅಂಗಡಿಗೆ ಸಂಜೆ ಹೊತ್ತು ಹೋಗಿ. ದಿನವಿಡೀ ನಡೆದು ಕಾಲು ಆಗ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ.